ಸಾಗರದ ತಾಲ್ಲೂಕು ಕಚೇರಿಯಲ್ಲಿ

"ಹುಚ್ಚಮ್ಮ ಕೋಂ ತೇಕಪ್ಪ, ಹಾಜರ್?"
ಗುಮಾಸ್ತ ಕೂಗಿದ.
"ಹಾದಿರ್" ಅಂದುಬಿಟ್ಟೆ ಅಜ್ಜಿಯ ಪರವಾಗಿ,
ದಕಾರಕ್ಕೆ ಅಲ್ಲಿನ ಭಾರ ಹೇರಿ.
ಸಾಲಿನಲ್ಲಿದ್ದವರು ತಿರುಗಿ ನೋಡಿದರು.
ಥುಮ್ರೈತಿನಿಂದ ಬಂದು ಒಂಬತ್ತು ದಿನ,
ನಾಲಗೆಗೆ ಇನ್ನೂ ಬಸ್ಸು ಸಿಕ್ಕಿಲ್ಲ.

ಅಲ್ಲಿ ನಾನು ನೀರಿನ ಟ್ಯಾಂಕರಿನ ಕ್ಲೀನರು.
ಮುಸಲ್ಲಂ ಗಾಡಿ ಬಿಡುತ್ತಿದ್ದ, ನಾನು ಪೈಪು ಹಿಡಿಯುತ್ತಿದ್ದೆ.
ಮೊದಲ ತಿಂಗಳು ಅವನ ಮಾತೆಲ್ಲ ಮರಳು.
ಒಂದು ಮಧ್ಯಾಹ್ನ ಟ್ಯಾಂಕಿಗೆ ಬೆರಳ ಗೆಣ್ಣಿನಿಂದ ಬಡಿದು
"ಖಾಲಿ" ಅಂದ.
ಬಿದ್ದು ಬಿದ್ದು ನಕ್ಕೆ.
ಅವನು ನಗಲಿಲ್ಲ. ದಿಗಂತದ ತನಕ ಕೈ ಬೀಸಿ ತೋರಿಸಿದ:
ಅದರ ಹೆಸರೂ ಅದೇ.

ಆಮೇಲೆ ಕುರ್ಚಿ ಸಿಕ್ಕಿತು, ಸಾಬೂನು ಸಿಕ್ಕಿತು,
ಸಂಬಳ ತಡವಾದ ದಿನ ಬಾಕಿಯೂ ಸಿಕ್ಕಿತು.
ಒಂದೇ ಹರಿವಾಣದ ಅನ್ನಕ್ಕೆ ಐದು ಬಲಗೈ;
ನನ್ನ ಮೂಲೆಗೆ ಮಾಂಸದ ತುಂಡು ತಳ್ಳುತ್ತಿದ್ದ ಅವನು,
ಮುಖ ನೋಡದೆ,
ಅಜ್ಜಿ ಮೀನು ತಳ್ಳುವ ಹಾಗೆ.

ಬಾರದೆ ಉಳಿದದ್ದು ಒಂದೇ ಅಕ್ಷರ. ಐನ್.
ಗಂಟಲ ತಳದಿಂದ ಏಳಬೇಕು,
ಹೊರೆ ಹೇರಿಸಿಕೊಂಡ ಒಂಟೆ ಗೊಣಗಿದಂತೆ.
ನನಗೆ ಬಂದದ್ದು ಬರೀ ಕೆಮ್ಮು.
"ಐನ್ ಅಂದರೆ ಇದು" ಎಂದು ತನ್ನ ಕಣ್ಣು ಮುಟ್ಟಿದ.
ಆಮೇಲೆ ಬಗ್ಗಿ, ಬಂಡೆಯ ಸಂದಿಯಲ್ಲಿ ಜಿನುಗುವ ನೀರು ಮುಟ್ಟಿ
"ಇದೂ."

ಪೈಪು ಕೆಳಗಿಟ್ಟೆ.
ಹದಿನೇಳು ಮೊಳಕ್ಕೆ ಜಲದ ಕಣ್ಣು ಒಡೀತು ಮಾರಾಯ,
ಅಜ್ಜಿ ಪ್ರತಿ ಸಲ ಹೀಗೇ ಶುರು ಮಾಡುವುದು.
ಬಾವಿ ತೋಡಿದವನು ತೇಕಪ್ಪ.
ಮುಳುಗಡೆಯಾಗಿ ಅರವತ್ತು ವರ್ಷ.
ಶರಾವತಿಯ ಹಿನ್ನೀರ ಕೆಳಗೆ ಎಲ್ಲೋ
ನೀರಿನೊಳಗೆ ನೀರಿನ ಕಣ್ಣು.

"ಅರ್ಜಿಗೆ ದಾಖಲೆ ಸಾಲದು. ನಕಲು ನಡೆಯಲ್ಲ, ಅಸಲು ಬೇಕು.
ಜಿಲ್ಲೆಗೆ ಹೋಗಿ."
ಎಷ್ಟು ಚೆನ್ನಾಗಿ ಅರಬ್ಬಿ ಆಡುತ್ತಾನೆ ಈ ಗುಮಾಸ್ತ,
ಅವನಿಗೇ ಗೊತ್ತಿಲ್ಲ.
ಕುದುರೆಯ ಮೇಲೆ, ಕಂದಾಯದ ಚೀಲದಲ್ಲಿ ಬಂದ ಮಾತುಗಳು.
ಆ ಕಣ್ಣು ಯಾರ ಚೀಲದಲ್ಲೂ ಬಂದದ್ದಲ್ಲ.

ಹೊರಗೆ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಾ ಅಜ್ಜಿ:
"ಎಂತ ಅಂದ್ರೋ?"
"ಇನ್ನೂ ಬಾಕಿ ಇದೆಯಂತೆ."
"ಬಿಡು. ಅದೊಂದು ಹೇಳು, ಆ ಒಂಟೆ ಅಕ್ಷರ."
ಹೇಳಿದೆ. ಕೆಮ್ಮು.
ಅವಳು ಎಲೆಯನ್ನು ದವಡೆಗೆ ಸರಿಸಿ, ಕತ್ತೆತ್ತಿ,
ಒಂದೇ ಸಲಕ್ಕೆ ಅಂದಳು.

ಕಟ್ಟೆಯ ಕೆಳಗೆ ಮಲಗಿದ್ದ ನಾಯಿ
ಎದ್ದು ನಿಂತಿತು.