ಕೂಗುವ ಮುನ್ನ

ಬೆಳಗಿನ ಆರು, ಕೋಲಾರದ ಟೊಮೆಟೊ ಮಂಡಿ.
ಆಪರೇಷನ್ನಾದ ಮೂರು ತಿಂಗಳಿಗೆ
ಮತ್ತೆ ಕ್ರೇಟು ಹತ್ತಿ ನಿಂತೆ.
ಮೊದಲ ಕೂಗಿಗೇ, ಇನ್ನೂರಾ ಎಂಬತ್ತು!
ಒಳಗೆ ಬೆಚ್ಚಗೆ ಒಂದು ಗುಟುಕು.

ಹರಾಜು ನಿಲ್ಲಿಸಲಿಲ್ಲ.
ಕರಿ ಪ್ಯಾಂಟು, ಅದರೊಳಗೆ ಪ್ಯಾಡು.
ಮೆಡಿಕಲ್ಲಿನ ಹುಡುಗ ಪೇಪರಿನಲ್ಲಿ ಸುತ್ತಿ
ಕರಿ ಕವರಿಗೆ ಹಾಕಿ ಕೊಟ್ಟದ್ದು.
‘ಮೂವತ್ತು ವರ್ಷ ನಂಗೂ ಹಿಂಗೇ ಸುತ್ತಿ ಕೊಟ್ರು’
ಅಂದಳು ನಾರೆಮ್ಮ.
ಬೇರೇನೂ ಅನ್ನಲಿಲ್ಲ.

ಕೆಮ್ಮುವ ಮುನ್ನ, ಏಳುವ ಮುನ್ನ
ಬಿಗಿಹಿಡೀರಿ, ಹತ್ತು ಎಣಿಸಿ, ಬಿಡಿ:
ಫಿಸಿಯೋ ಹುಡುಗಿಯ ಪಾಠ.
ಎಣಿಕೆ ನನಗೆ ಹೊಸದೇ?
ಬಾಯಿ ಬಿಡುವ ಮುನ್ನ ಹಿಡಿಯುವುದು ಹೊಸದು.

ಈಗ ಪ್ರತಿ ಬೆಲೆಗೂ ಮುಂಚೆ
ಒಂದು ಗಳಿಗೆ ಸುಮ್ಮನಾಗುತ್ತೇನೆ, ಹಲ್ಲು ಕಚ್ಚಿ.
ಮದನಪಲ್ಲಿಯ ಸಾಹುಕಾರ ಅದನ್ನು
ಗತ್ತು ಅಂದುಕೊಂಡು
ತಾನಾಗೇ ಐದು ರೂಪಾಯಿ ಏರಿಸುತ್ತಾನೆ.