ಸುಣ್ಣದ ಲೆಕ್ಕ

ಬ್ರಿಸ್ಟಲ್ಲಿನ ನೀರು ಗಡಸು. ಕೆಟಲಿನ ತಳದಲ್ಲಿ
ಬಿಳಿ ಹಕ್ಕಳೆ. ವಿನೆಗರ್ ಸುರಿದು ಕೆರೆಯುತ್ತಾಳೆ
ಗ್ವೆನ್ಲಿಯನ್, ಪ್ರತಿ ಶುಕ್ರವಾರ, ಬೈದುಕೊಂಡು.
ಅದೇ ಸುಣ್ಣ ಕಣೇ, ಎನ್ನುತ್ತೇನೆ,
ನಾನು ರಾತ್ರಿಯೆಲ್ಲ ಕಾಯುತ್ತ ಕೂರುವುದು.

ಹನ್ನೊಂದು ಗಂಟೆ. ಸೂಕ್ಷ್ಮದರ್ಶಕದಡಿ
ಇಲಿಯ ಮಿದುಳಿನದೊಂದು ನರಕೋಶ, ಒದ್ದೆ ಮುತ್ತು.
ಗಾಜಿನ ಮೊನೆ ತಾಗಿಸಿ, ಕೊಳವೆ ಬಾಯಲ್ಲಿ ಕಚ್ಚಿ
ಉಸಿರೆಳೆಯುತ್ತೇನೆ, ಕೂಸಿನ ಕಟ್ಟಿದ ಮೂಗನ್ನು
ತಾಯಿ ಎಳೆವಷ್ಟೇ ಮೆಲ್ಲಗೆ.
ಸೇಂಟ್ ಮೈಕೇಲ್ಸ್ ಹಿಲ್ ಹತ್ತುವ ಬಸ್ಸು ಗುಡುಗಿತೋ,
ಮತ್ತೆ ಮೊದಲಿಂದ.

ಇವತ್ತು ಕಚ್ಚಿಕೊಂಡಿತು.
ವೋಲ್ಟೇಜು ಏರಿಸಿದೆ. ಬಾಗಿಲು ತೆರೆದು ಸುಣ್ಣ ನುಗ್ಗಿತು.
ಪರದೆಯ ಗೆರೆ ಬಾವಿಗೆ ಬಿಟ್ಟ ಕೊಡದಂತೆ ಧುಮುಕಿ
ತಾನಾಗಿ ಮೇಲೆ ಬಂತು.
ಹಗ್ಗ ಸೇದಿದ್ದು ಯಾರು?

ಹೊಸ್ತಿಲಲ್ಲೇ ವಾಸ, ಹೆಸರು ಕ್ಯಾಲ್ಮೊಡ್ಯುಲಿನ್,
ನಾಲ್ಕು ಅಂಗೈ ಚಾಚಿಕೊಂಡ ಪುಟ್ಟ ಪ್ರೋಟೀನು.
ಒಳಬಂದ ಸುಣ್ಣವನ್ನೇ ಹಿಡಿದು, ಮೈ ತಿರುಚಿ,
ಅದು ಬಂದ ದಾರಿಯನ್ನೇ ಮುಚ್ಚುತ್ತದೆ.
ವೀಳ್ಯದೆಲೆಗೆ ಎಷ್ಟು ಸವರಬೇಕೆಂದು
ಸೋದರತ್ತೆಯ ತೋರುಬೆರಳಿಗೆ ಗೊತ್ತಿದ್ದ ಹಾಗೆ:
ಕಡಿಮೆಯಾದರೆ ಕೆಂಪೇರದು,
ಹೆಚ್ಚಾದರೆ ಬಾಯಿ ಬೆಂದೀತು.

ಪಕ್ಕದ ತಟ್ಟೆಯಲ್ಲಿ
ಆ ಅಂಗೈಗಳನ್ನು ನಾವೇ ಕೆಡಿಸಿಟ್ಟ ಕೋಶಗಳು.
ಅಲ್ಲಿ ಗೆರೆ ಇಳಿಯಿತು.
ಇಳಿದೇ ಇತ್ತು.
ನಸುಕಿಗೆ ಕೋಶ ಊದಿಕೊಂಡು ಮಂಕಾಯಿತು.
ನೋಟ್‌ಬುಕ್ಕಿನಲ್ಲಿ ಬರೆದೆ: ಉತ್ತಮ ಫಲಿತಾಂಶ.
ಪೆನ್ನು ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು.

ಬೆಳಿಗ್ಗೆ ಗ್ವೆನ್ಲಿಯನ್ ಚಹಾ ತಂದು
ಕಾಲಲ್ಲೇ ಬಾಗಿಲು ನೂಕಿದಳು. ಹೊರಗೆ ಚಳಿ.
ಲೋಟದ ತಳದಲ್ಲೊಂದು ಬಿಳಿ ಚೂರು;
ಇವತ್ತು ಗುರುವಾರವಷ್ಟೆ.
ನುಂಗಿದೆ.