ತಳ ತಿರುಗಿಸಿ

ಮೊದಲು ತಳ ತಿರುಗಿಸಿ, ಅನ್ನುತ್ತೇನೆ ಎಲ್ಲರಿಗೂ.
ಹೊಟ್ಟೆಯ ಮೇಲಿನ ಹೂಬಳ್ಳಿಗೆ ಮರುಳಾಗಬೇಡಿ,
ಆ ಬಳ್ಳಿ ಯಾವ ಕಾಲದಲ್ಲೂ ಹೂ ಬಿಡುತ್ತದೆ.

ಶೆಫೀಲ್ಡಿನ ಹರಾಜು ಕೋಣೆ, ಎಂಬತ್ತಮೂರರ ಮಾರ್ಚಿ,
ಹೀಟರಿನ ಒಂದೇ ಸರಳು ಕೆಂಪಗೆ.
ಮಾರ್ಲೀನ್ ಬ್ರಾಮಾಲ್ ತಂದಿದ್ದಳು
ಟವೆಲಿನಲ್ಲಿ ಕೂಸಿನ ಹಾಗೆ ಸುತ್ತಿ
ಒಂದು ಟೀ ಪಾಟು.

"ಅಸಲಿ ಬೆಳ್ಳಿ," ಅಂದಳು. "ಸಾವಿರದೆಂಟುನೂರ ಎಪ್ಪತ್ತೊಂದು.
ದೊಡ್ಡ ಬಂಗಲೆಯ ಯಜಮಾನಿ ಮೆಚ್ಚಿ ಕೊಟ್ಟದ್ದಂತೆ
ನಮ್ಮಜ್ಜಿಯ ತಾಯಿಗೆ. ಅಜ್ಜಿ ಥರ್ಜಾ
ಸಾಯುವವರೆಗೂ ಹೇಳುತ್ತಿದ್ದಳು, ವರ್ಷ ಸಮೇತ."

ವರ್ಷ ಸಮೇತ ಬರುವ ಕಥೆಗಳನ್ನು
ನಾನು ಸ್ವಲ್ಪ ಜಾಸ್ತಿಯೇ ಉಜ್ಜಿ ನೋಡುತ್ತೇನೆ.

ಭೂತಗನ್ನಡಿ ಕಣ್ಣಿಗಿಟ್ಟೆ. ಕಂಡದ್ದು ಭೂತವೇ:
ನಾಲ್ಕು ಪುಟ್ಟ ಗುರಾಣಿ, ಒಂದೊಂದರಲ್ಲಿ ಒಂದಕ್ಷರ,
ಇ, ಪಿ, ಎನ್, ಎಸ್.
ದೂರಕ್ಕೆ ಅಸಲಿ ಬೆಳ್ಳಿಯ ಮುದ್ರೆಯಂತೆ ಕಾಣಲೆಂದು
ಸಾಲಾಗಿ ನಿಂತ ಬಾಡಿಗೆ ಸಿಪಾಯಿಗಳು.
ಒಳಗೆ ನಿಕ್ಕಲು, ತಾಮ್ರ, ಸತು; ಮೇಲೆ ಬೆಳ್ಳಿಯ ಗಿಲೀಟು.
ಕಿರೀಟವಿಲ್ಲ. ಈ ಊರಿನ ಗಿಲೀಟಿನವರು
ಕಿರೀಟ ಒತ್ತುವುದನ್ನು ಬಿಡಬೇಕಾಗಿ ಬಂದದ್ದು
ತೊಂಬತ್ತಾರರ ಸುಮಾರಿಗೆ.
ಪಕ್ಕದಲ್ಲಿ 'ಇಂಗ್ಲೆಂಡ್' ಅಂತ ಬೇರೆ ಇದೆ,
ಕಡಲು ದಾಟುವ ಸಾಮಾನಿಗೆ ದೇಶದ ಹೆಸರು ಕಲಿಸಿಕೊಡುವ ಚಾಳಿ
ಶುರುವಾದ ಮೇಲಿನದು.
"ಸಾವಿರದೊಂಬೈನೂರ ಐದು," ಅಂದೆ, "ಆಚೀಚೆ."

ಅವಳು ಟವೆಲಿನ ಅಂಚು ಮಡಿಸಿದಳು, ಬಿಚ್ಚಿದಳು.

ಆಮೇಲಿನದು ಮಾಡಬಾರದಾಗಿತ್ತೋ ಏನೋ.
ಪಾಟಿನ ಪಕ್ಕೆಗೆ ಹಾ ಎಂದು ಉಸಿರು ಬಿಟ್ಟೆ.
ಮಂಜು ಕೂತಿತು. ಮಂಜಿನೊಳಗೆ ಎದ್ದು ನಿಂತವು
ಯಾರೋ ಉಜ್ಜಿ ಅಳಿಸಿದ ಅಕ್ಷರ:
...ಷನ್ ಹೋಟೆಲ್. ಹದಿನಾಲ್ಕು.

"ನಿಮ್ಮಜ್ಜಿಗೆ ಏನು ಕೆಲಸ?"
"ಬಫಿಂಗ್. ಮೂವತ್ತು ವರ್ಷ. ಕತ್ತಿಗೆ ಕೆಂಪು ಬಟ್ಟೆ,
ಏಪ್ರನ್ನಿನ ಮೇಲೆ ಕಂದು ಕಾಗದ,
ರಾತ್ರಿ ಸೀನಿದರೆ ಕರ್ಚೀಫು ಕಪ್ಪು."

ಚೆನ್ನಾಗಿಯೇ ಉಜ್ಜಿದ್ದಳು. ಬೆಳಕಿಗೆ ಹಿಡಿದರೆ ಒಂದು ಗೆರೆ ಸಿಕ್ಕದು.
ಅದರ ಮೇಲೆ ಹೊಸ ಬೆಳ್ಳಿ ಕೂತಿದೆ;
ತೊಟ್ಟಿಯ ಬಳಿ ನಿಂತವನಾರೋ ಸಂಜೆ,
ಮೇಸ್ತ್ರಿ ಅತ್ತ ಹೋದಾಗ, ಮುಳುಗಿಸಿ ಕೊಟ್ಟಿರಬೇಕು.
"ತಾತ ಗಿಲೀಟಿನ ತೊಟ್ಟಿಯಲ್ಲೇ ಇದ್ದದ್ದು,"
ಅಂದಳು, ತುಂಬ ನಿಧಾನವಾಗಿ.

ಹೋಟೆಲು ಹಳೆಯ ಸಾಮಾನು ಮಾರಿತ್ತೋ,
ರಿಪೇರಿಗೆ ಬಂದದ್ದು ಲೆಕ್ಕ ತಪ್ಪಿತೋ,
ಅದಕ್ಕೆ ಮುದ್ರೆಯಿಲ್ಲ.

ಚೀಟಿಯಲ್ಲಿ ಬರೆದೆ: ಗಿಲೀಟು, ೧೯೦೫ರ ಸುಮಾರು,
ಮತ್ತೆ ಲೇಪಿಸಿದ್ದು, ಹಿಡಿಯ ಬಳಿ ಸವೆತ, ಹದಿನೆಂಟು ಪೌಂಡು.
ಹೋಟೆಲಿನ ಸಂಗತಿ ಬರೆಯಲಿಲ್ಲ.

ಮಾರ್ಲೀನ್ ಟವೆಲು ಹಾಸಿದಳು. ಸುತ್ತುವ ಮೊದಲು
ಬಾಗಿ, ತಾನೇ ಒಮ್ಮೆ ಉಸಿರು ಬಿಟ್ಟಳು.
ಅಕ್ಷರ ಎದ್ದು, ಅಂಚಿನಿಂದ ಕರಗುತ್ತ ಬರುವಾಗ
"ಅಯ್ಯೋ ನನ್ನ ಕಳ್ಳಿ," ಎಂದು ನಕ್ಕಳು,
"ಬಂಗಲೆಯಂತೆ! ಯಜಮಾನಿಯಂತೆ!"